ಲೇತ್ ಅಂದ ಮೇಲೆ ಸದ್ದು ಇರ್ತದಂತೆ!

ಹಳೇ ಲೇತ್, ಅಂದ್ರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಮೆಶಿನ್, ಮಾರುವವರ ಬಾಯಲ್ಲಿ ಮೂರೇ ಮೂರು ಮಾತು. "ಲೇತ್ ಅಂದ ಮೇಲೆ ಸದ್ದು ಇರ್ತದೆ." "ಓಡ್ತಾ ಓಡ್ತಾ ಸೆಟ್ ಆಗ್ತದೆ." "ಇಲ್ಲಿಂದ ಹೊರಡುವಾಗ ಸರಿ ಇತ್ತು." ಮೊದಲಿನದ್ದು ಲಾರಿ ಬಂದ ದಿನ, ಎರಡನೆಯದ್ದು ಮರುದಿನ, ಮೂರನೆಯದ್ದು ಬಾಕಿ ದುಡ್ಡು ಅವನ ಖಾತೆಗೆ ಬಿದ್ದ ಮೇಲೆ. ಆಮೇಲೆ ಫೋನ್ ಎತ್ತುವುದಿಲ್ಲ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್. ಅಡಿಕೆ ಸುಲಿಯುವ ಮೆಶಿನಿನ ಶಾಫ್ಟ್, ಪಂಪಿನ ಬುಷ್, ಪುಲ್ಲಿಯ ಬೋರ್, ಟಿಲ್ಲರಿನ ಪಿನ್ನು, ಇಂಥದ್ದೇ ಕೆಲಸ. ಕೊಯಮತ್ತೂರಿನ ಒಬ್ಬ ಡೀಲರಿನಿಂದ ಆರಡಿಯ ಆಲ್ ಗೇರ್ ಲೇತ್, ಅಂದ್ರೆ ಗೇರಿನಲ್ಲೇ ಸ್ಪೀಡ್ ಬದಲಿಸುವಂಥದ್ದು, ತರಿಸಿದೆ. ಪಂಜಾಬಿನ ಬಟಾಲಾ ಕಡೆಯ ಮಾಲು. ಎಚ್‌ಎಂಟಿಯದ್ದಾದ್ರೆ ಪುಸ್ತಕವೋ ಡ್ರಾಯಿಂಗೋ ಯಾರ ಹತ್ತಿರವಾದ್ರೂ ಸಿಗ್ತದೆ, ಒಳಗಿನ ಗುಣ ಬಲ್ಲ ಹಳೇ ಕೈಗಳೂ ಇರ್ತವೆ. ಇದಕ್ಕೆ ಹೆಸರಿನ ಪ್ಲೇಟೂ ಇಲ್ಲ, ಅದಿದ್ದ ಕಡೆ ನಾಲ್ಕು ತೂತು ಉಂಟು.

"ನೋಡದೆ ತಂದ್ರಾ?" ಅಂತ ಕೇಳುವವರಿಗೆ ಮೊದಲೇ ಹೇಳ್ತೇನೆ, ನೋಡಿಯೇ ತಂದದ್ದು. ಉದ್ದದ ಹಳಿಯಾದ ಬೆಡ್ಡಿಗೆ ಕೈ ಆಡಿಸಿ, ಅದರ ಮೇಲೆ ಜಾರುವ ಟೇಲ್‌ಸ್ಟಾಕ್ ಆಚೆ ಈಚೆ ಓಡಿಸಿ, ಕೆಳಗಿನ ಸ್ಪೀಡು, ಮೇಲಿನ ಸ್ಪೀಡು ಎರಡಕ್ಕೂ ಹಾಕಿಸಿ ಕೇಳಿದ್ದೇನೆ. ಸದ್ದಿಲ್ಲದೆ ತಿರುಗ್ತಿತ್ತು. ಇಲ್ಲಿ ತಂದು, ಮಟ್ಟ ಹಿಡಿದು ಬೋಲ್ಟ್ ಬಿಗಿದು, ಅರ್ಧ ಗಂಟೆ ಓಡಿಸಿ, ಗೇರು ಬೇರಿಂಗು ಇರುವ ಎಡಬದಿಯ ಪೆಟ್ಟಿಗೆ ಹೆಡ್‌ಸ್ಟಾಕ್ ಸ್ವಲ್ಪ ಬೆಚ್ಚಗಾದದ್ದೇ ತಡ, ಒಳಗಿಂದ ಗುರ್ರ್ರ್ ಅಂತ ಶುರು. ಕೆಳಗಿನ ಸ್ಪೀಡಿನಲ್ಲಿ ಒಂದು ಹದಕ್ಕೆ ಇರ್ತದೆ, ಮೇಲೆ ಹೋದ ಹಾಗೆ ಮಾತಾಡಿದ್ದು ಕೇಳುದಿಲ್ಲ. ಕಡೆದ ಜಾಬಿನ ಮೇಲೆ ನೋಡಿದ್ರೆ ಅಲೆ ಅಲೆ. ಎಷ್ಟು ಚೂಪು ಟೂಲ್ ಹಾಕಿದ್ರೂ ಫಿನಿಶಿಂಗ್ ಬರುದಿಲ್ಲ.

ಡೀಲರಿಗೆ ಫೋನ್ ಮಾಡಿದೆ. ನನ್ನ ಮಲಯಾಳ, ಅವನ ತಮಿಳು, ಹೇಗೋ ಸಾಗ್ತದೆ. "ವಿಡಿಯೊ ಕಳಿಸಿ" ಅಂದ. ಕಳಿಸಿದೆ. "ಸೌಂಡೇ ಇಲ್ಲವಲ್ಲ ಸಾರ್!" ಅಯ್ಯೋ ಪುಣ್ಯಾತ್ಮ, ಒಂದೇ ಸಮ ಬರುವ ಸದ್ದನ್ನು ಎಷ್ಟೋ ಮೊಬೈಲುಗಳು ತಾವೇ ಅದುಮಿ ಹಾಕ್ತವೆ, ಫೋನಿನಲ್ಲಿ ಮಾತಾಡುವಾಗ ಫ್ಯಾನಿನ ಸದ್ದು ಕೇಳದಿರುವುದು ಅದಕ್ಕೇ ಅಲ್ವಾ? ಅದು ಅವನಿಗೂ ಗೊತ್ತುಂಟು. ಗೊತ್ತಿದ್ದೇ ವಿಡಿಯೊ ಕೇಳಿದ್ದು.

ಇನ್ನು ನಮ್ಮೂರಿನ ಪಂಡಿತರು. ಅಂಗಡಿಗೆ ಕಾಲಿಟ್ಟವರೆಲ್ಲ ಡಾಕ್ಟ್ರೇ. ಒಬ್ಬರಿಗೆ ಮೋಟಾರು ಅಂತ ಖಾತ್ರಿ. ಒಬ್ಬರಿಗೆ ಕರೆಂಟಿನ ಫೇಸ್. ಪಂಪಿನ ಬುಷ್ ಮಾಡಿಸಲಿಕ್ಕೆ ಬಂದವರೊಬ್ಬರು ಚಾ ಕುಡಿಯುತ್ತಾ, "ಎಣ್ಣೆ ಸಾಲದು ಮಾರಾಯ್ರೆ, ಒಳ್ಳೆ ದಪ್ಪದ ಎಣ್ಣೆ ಹಾಕಿ ನೋಡಿ" ಅಂದ್ರು. ಆ ಮಾತು ನೆನಪಿಡಿ, ಮುಂದೆ ಬರ್ತದೆ.

ಅಲ್ಲ ಸ್ವಾಮಿ, ಸದ್ದು ಎಲ್ಲಿಂದ ಅಂತ ಹುಡುಕಲಿಕ್ಕೆ ಒಂದು ಕ್ರಮ ಇಲ್ವಾ? ಬೆಲ್ಟ್ ಕಳಚಿ ಮೋಟಾರನ್ನು ಮಾತ್ರ ಓಡಿಸಿದೆ, ಸದ್ದಿಲ್ಲ. ಅಲ್ಲಿಗೆ ಮೋಟಾರೂ ಫೇಸೂ ಎರಡೂ ಮುಗೀತು. ಬೆಲ್ಟ್ ಹಾಕಿ ಲಿವರನ್ನು ನ್ಯೂಟ್ರಲ್‌ನಲ್ಲಿ ಇಟ್ಟೆ. ಒಳಗಿನ ಮೊದಲ ಶಾಫ್ಟ್ ತಿರುಗ್ತದೆ, ಜಾಬನ್ನು ತಿರುಗಿಸುವ ಮುಖ್ಯ ಶಾಫ್ಟ್, ಅಂದ್ರೆ ಸ್ಪಿಂಡಲ್, ನಿಂತಿರ್ತದೆ. ಆಗಲೂ ಸದ್ದಿಲ್ಲ. ಟೂಲನ್ನು ಮುಂದೆ ಸರಿಸುವ ಫೀಡಿನ ಕಡೆಯ ಗೇರುಗಳನ್ನು ಬಿಡಿಸಿ ಸ್ಪಿಂಡಲ್ ಓಡಿಸಿದೆ, ಸದ್ದು ಇದ್ದ ಹಾಗೆಯೇ. ಅಂದ್ರೆ ಎಡಬದಿಯ ಚೇಂಜ್ ಗೇರಿನದ್ದೂ ತಪ್ಪಿಲ್ಲ. ಜಾಬನ್ನು ಕಚ್ಚಿ ಹಿಡಿಯುವ ಚಕ್ ತೆಗೆದು ಓಡಿಸಿದೆ, ಚಕ್ಕಿನ ತೂಕ ಹೆಚ್ಚುಕಡಿಮೆ ಆದದ್ದೂ ಅಲ್ಲ. ಗೇರಿನ ಹಲ್ಲು ಚೂರಾಗಿದ್ರೆ ಸುತ್ತಿಗೊಮ್ಮೆ ಟಕ್ ಅನ್ಬೇಕು, ಹಲ್ಲು ಸವೆದಿದ್ರೆ ಕುಂಯ್ ಅಂತ ಎಳೆಯಬೇಕು, ಟೂಲ್ ಕಚ್ಚಿದಾಗ ರಾಗ ಬದಲಾಗಬೇಕು. ಇದು ಹಾಗಲ್ಲ. ಮೋಟಾರಿನ ವೇಗ ಅಷ್ಟೇ ಇದ್ದು ಸ್ಪಿಂಡಲಿನ ಸ್ಪೀಡ್ ಇಳಿಸಿದ್ರೆ ಗುರುಗುಟ್ಟುವುದೂ ಅದರ ಜೊತೆಗೇ ಇಳೀತದೆ.

ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್‌ಸ್ಟಾಕಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಕೇಳಿದೆ. ಹಿಂದಿನ ಬೇರಿಂಗಿನ ಕಡೆ ಬರೀ ಸರ್ರ್ ಅಂತ ತಿರುಗುವ ಸದ್ದು. ಚಕ್ಕಿನ ಕಡೆಯ ಬೇರಿಂಗಿನ ಮೇಲೆ ಊರಿದ್ರೆ ದವಡೆಯವರೆಗೆ ನಡುಗ್ತದೆ. ಆಮೇಲೆ ಚಕ್ ಹಾಕಿ ಅದರಲ್ಲಿ ದಪ್ಪ ಸಲಾಕೆ ಕಚ್ಚಿಸಿ, ಸ್ಪಿಂಡಲಿನ ಮೂತಿಗೆ ಅಲ್ಲಾಟ ಅಳೆಯುವ ಡಯಲ್ ಇಟ್ಟು, ಸಲಾಕೆಯನ್ನು ಕೈಯಲ್ಲಿ ಎತ್ತಿ ನೋಡಿದೆ. ಡಯಲಿನ ಒಂದು ಗೀಟು ಅಂದ್ರೆ ಮಿಲಿಮೀಟರಿನ ನೂರನೇ ಒಂದು ಪಾಲು. ಒಂದೆರಡು ಗೀಟು ಅಲ್ಲಾಡಿದ್ರೆ ಮಾತಾಡ್ತಿರಲಿಲ್ಲ. ಮುಳ್ಳು ಆರಕ್ಕೆ ಹೋಗಿ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೆ ಡೀಲರಿನ ಮೆಕ್ಯಾನಿಕ್ಕಿನ ಉತ್ತರ: "ಹಿಂದಿನ ನಟ್ ಟೈಟ್ ಮಾಡಿ ಸಾರ್, ಸರಿ ಆಗ್ತದೆ." ಸರಿ, ಸಿ ಸ್ಪ್ಯಾನರ್ ಹಾಕಿ ಸ್ವಲ್ಪ ಬಿಗಿದೆ. ಸದ್ದು ಕಡಿಮೆ ಆಯ್ತು, ಸುಳ್ಳು ಹೇಳುದಿಲ್ಲ. ಆದ್ರೆ ಸ್ವಲ್ಪ ಹೊತ್ತಿನಲ್ಲಿ ಮುಂದಿನ ಕವರಿನ ಮೇಲೆ ಕೈ ಇಡ್ಲಿಕ್ಕಿಲ್ಲ, ಸುಡ್ತದೆ. ಟೇಪರ್ ರೋಲರ್ ಬೇರಿಂಗನ್ನು ಎಡೆ ತೆಗೆಯುವಷ್ಟೇ ಬಿಗಿಯಬೇಕು. ರೋಲರ್ ಓಡುವ ಒಳಗಿನ ದಾರಿಯೇ ಕಿತ್ತು ಹೋದ ಬೇರಿಂಗನ್ನು ಬಿಗಿಯುತ್ತಾ ಹೋದ್ರೆ ಸ್ಪಿಂಡಲಿಗೂ ಕೇಡು. ಅವನಿಗೆ ಎಂತ, ಹೇಳಿ ಫೋನ್ ಇಟ್ಟ.

ಕಡೆಗೆ ಡ್ರೇನ್ ಪ್ಲಗ್ ಬಿಚ್ಚಿದೆ. ಎಣ್ಣೆ ಬೀಳಬೇಕಲ್ಲ? ಬೀಳುದಿಲ್ಲ! ಒಂದು ಕಪ್ಪು ಬತ್ತಿ ನಿಧಾನಕ್ಕೆ ಇಳಿದು ತಟ್ಟೆಯಲ್ಲಿ ಸುರುಳಿ ಸುತ್ತಿ ಕೂತಿತು. ಇಂಥ ಹೆಡ್‌ಸ್ಟಾಕಿಗೆ ಹಾಕುವುದು ತೆಳು ಎಣ್ಣೆ, ನಾವೆಲ್ಲ 68 ಅಂತ ಕರೀತೇವಲ್ಲ, ಅದು. ಇದರಲ್ಲಿ ಇದ್ದದ್ದು ಲಾರಿಯ ಹಿಂದಿನ ಆಕ್ಸಲಿಗೆ ಹಾಕುವ 140ರ ದಪ್ಪದ್ದು, ಅದಕ್ಕೆ ಕೈಯಲ್ಲಿ ಕಲಸಿದ ಗ್ರೀಸು. ತಣ್ಣಗಿರುವಾಗ ಎಲ್ಲ ಸದ್ದನ್ನೂ ಮುಚ್ಚಿ ಹಿಡೀತದೆ, ಬಿಸಿಯಾಗಿ ಕರಗಿದ ಮೇಲೆ ಒಳಗಿನ ಬಣ್ಣ ಹೊರಗೆ. ಕೊಯಮತ್ತೂರಿನ ಗೋಡೌನಿನಲ್ಲಿ ಐದು ನಿಮಿಷ ಓಡಿಸಿ ತೋರಿಸಲಿಕ್ಕೆ ಅಷ್ಟು ಸಾಕು. ಇನ್ನು ಎಣ್ಣೆಯ ಸಲಹೆ ಕೊಟ್ಟ ಅಣ್ಣನಿಗೆ ಎಂತ ಹೇಳಲಿ? ನೀವು ಹೇಳಿದ ಮದ್ದನ್ನು ಅವರು ಮೊದಲೇ ಹಾಕಿ ಆಗಿತ್ತು.

ತಟ್ಟೆಗೆ ಬಿದ್ದ ಎಣ್ಣೆಯೊಳಗೆ ಕಾಗದ ಸುತ್ತಿದ ಆಯಸ್ಕಾಂತ ಆಡಿಸಿದೆ. ಮೀನಿನ ಹುರುಪೆಯ ಹಾಗೆ ತೆಳ್ಳಗೆ ಹೊಳೆಯುವ ಚೂರುಗಳು ಬಂದು ಅಂಟಿದವು. ಒಂದನ್ನು ಉಗುರಿನ ಮೇಲಿಟ್ಟು ಬಿಸಿಲಿಗೆ ಹಿಡಿದೆ. ಒಂದು ಮೈ ಕನ್ನಡಿ, ಇನ್ನೊಂದು ಮೈ ಒರಟು. ಬೇರಿಂಗಿನ ದಾರಿಯ ಮೇಲ್ಮೈಯೇ ಎದ್ದು ಬಂದದ್ದು.

ಅದರ ಫೋಟೊ ಕಳಿಸಿದ್ದಕ್ಕೆ ಡೀಲರಿನ ಹೊಸ ವರಸೆ: "ಲಾರಿಯಲ್ಲಿ ಆದದ್ದು ಸಾರ್, ನಿಮ್ಮ ಕಡೆಯ ರೋಡು." ಪಾಲಕ್ಕಾಡು, ಕೋಝಿಕ್ಕೋಡು, ಕಣ್ಣೂರು ದಾಟಿ ಬರುವ ರೋಡಿನ ಕತೆ ನನಗೂ ಗೊತ್ತುಂಟು, ಅದನ್ನು ಹೊಗಳುವವ ನಾನಲ್ಲ. ನಿಂತ ಸ್ಪಿಂಡಲ್ ಲಾರಿಯಲ್ಲಿ ಕುಲುಕಿದ್ರೆ ಬೇರಿಂಗಿಗೆ ಕಲೆ ಬೀಳ್ತದೆ ಎಂಬುದೂ ನಿಜ. ಆದ್ರೆ ಆ ಕಲೆ ರೋಲರಿಗೊಂದರಂತೆ, ಸಮ ಅಂತರದಲ್ಲಿ, ಗೆರೆ ಎಳೆದ ಹಾಗೆ ಬೀಳುವುದು. ಸ್ಪಿಂಡಲ್ ಬಿಚ್ಚಿ ನೋಡಿದಾಗ ಇಲ್ಲಿ ಇದ್ದದ್ದು ಒಂದೇ ಬದಿಯಲ್ಲಿ ಅರ್ಧ ಬೆರಳುದ್ದ ಕಿತ್ತು ಹೋದ ಹೊಂಡ, ಅಂಚೆಲ್ಲ ಸವೆದು ನಯವಾಗಿದೆ. ವರ್ಷಗಟ್ಟಲೆ ದುಡಿದು ದಣಿದದ್ದು ಅದು. ಕಣ್ಣೂರಿನ ಹೊಂಡ ಅಲ್ಲ.

ಬಿಚ್ಚುವ ಕೆಲಸ ಏನು ಸುಲಭವಾ? ಮೇಲಿನ ಮುಚ್ಚಳ ತೆಗೆದು, ಒಳಗೆ ಕೈ ತೂರಿಸಿ ಗೇರಿನ ಲಾಕ್ ಬಿಡಿಸಿ, ಮರದ ತುಂಡು ಇಟ್ಟು ಹಿಂದಿನಿಂದ ಬಡಿದು ಬಡಿದು ಚಕ್ಕಿನ ಬದಿಗೆ ಸ್ಪಿಂಡಲ್ ಎಳೆಯಬೇಕು. ಬಡಿಯಲಿಕ್ಕೊಬ್ಬ, ಹಿಡಿಯಲಿಕ್ಕೊಬ್ಬ. ಬೇರಿಂಗಿನ ನಂಬರ್ 32216, ಕೊನೆಯ ಹದಿನಾರನ್ನು ಐದರಿಂದ ಗುಣಿಸಿದ್ರೆ 80 ಮಿಲಿಮೀಟರಿನ ಒಳಬೋರ್. ಮಂಗಳೂರಿನಲ್ಲಿ ಕೇಳಿದ್ರೆ ಕೂಡಲೇ ಒಂದು ಪೆಟ್ಟಿಗೆ ಮುಂದಿಟ್ರು. ಲೇತಿನ ಸ್ಪಿಂಡಲಿಗೆ, ಅಳತೆಯಲ್ಲಿ ಹೆಚ್ಚು ನಿಖರವಾದ ಪಿ5 ಗ್ರೇಡ್ ಬೇಕು ಅಂದೆ. "ನಂಬರ್ ಒಂದೇ ಅಲ್ವಾ, ಬೇರಿಂಗ್ ಒಂದೇ" ಅಂದ್ರು. ಒಂದೇ ಆಗಿದ್ರೆ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ ಮಾರಾಯ್ರೆ? ಪಿ5 ಬೆಂಗಳೂರಿನಿಂದ ಬರಬೇಕಂತೆ.

ಇದೆಲ್ಲ ಆಗ್ತಾ ಇರುವುದು ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ. ಮಳೆ ಒಂದೆರಡು ದಿವಸ ಬಿಡುವು ಕೊಟ್ಟಾಗ ಬೋರ್ಡೋ ಸಿಂಪಡಿಸದಿದ್ರೆ ಕೊಳೆರೋಗ ತೋಟವನ್ನೇ ನುಂಗ್ತದೆ. ಪಂಪ್ ಬಿಚ್ಚಿ ತಂದು ಇಟ್ಟವರ ಸಾಲು ಅಂಗಡಿಯ ಬಾಗಿಲವರೆಗೆ ಉಂಟು. ಅವರಿಗೆ ಹೆಡ್‌ಸ್ಟಾಕ್ ಗೊತ್ತಿಲ್ಲ, ಪಿ5 ಗೊತ್ತಿಲ್ಲ. ಅವರ ಪಾಲಿಗೆ ನಾನು "ನಾಳೆ ಬನ್ನಿ" ಹೇಳುವ ಇನ್ನೊಬ್ಬ ಸುಳ್ಳ. ಯಾರದ್ದೋ ಗ್ರೀಸಿಗೆ ನನ್ನ ಬಾಯಿ ಹಾಳು.

ಬೇರಿಂಗಿನ ಬಿಲ್ಲು, ಕೂಲಿ, ಎಲ್ಲ ಬರೆದು ಡೀಲರಿಗೆ ಕಳಿಸಿದ್ದೇನೆ. ಓದಿದ್ದಾನೆ, ನೀಲಿ ಗೀಟು ಬಿದ್ದಿದೆ. ಉತ್ತರ ಇಲ್ಲ, ಆದ್ರೆ ಸ್ಟೇಟಸ್ ಹಾಕ್ಲಿಕ್ಕೆ ಪುರುಸೊತ್ತು ಉಂಟು. ಇವತ್ತು ಬೆಳಿಗ್ಗೆ ಎಂಟಡಿಯ ಒಂದು ಲೇತಿನ ವಿಡಿಯೊ: "ಗುಡ್ ಕಂಡಿಶನ್, ನೋ ಸೌಂಡ್." ಆಯಿಲ್ ನೋಡುವ ಗ್ಲಾಸು ಮೇಲಿನವರೆಗೆ ತುಂಬಿ ಕಪ್ಪಗೆ ಕಾಣ್ತದೆ. ನಮ್ಮ ಕಡೆಯವರು ಯಾರಾದ್ರೂ ಅದಕ್ಕೆ ಅಡ್ವಾನ್ಸ್ ಕೊಡುವ ಅಂದಾಜಿನಲ್ಲಿದ್ರೆ, ಮೊದಲು ಅವನ ಎದುರೇ ಡ್ರೇನ್ ಪ್ಲಗ್ ಬಿಚ್ಚಿಸಿ.