ಬೀಗ ಬಿದ್ದ ಮನೆಗಳು ‘ಅವಿಭಕ್ತ ಆಸ್ತಿ’ಯಲ್ಲ
ಉತ್ತರ ಕನ್ನಡದ ಮಂಕಿ ಸುತ್ತಮುತ್ತಲಿನ ನವಾಯತರ (ಕರಾವಳಿಯ ಮುಸ್ಲಿಂ ಸಮುದಾಯದವರ) ಹಳೆಯ ಮನೆಗಳು ‘ಅವಿಭಕ್ತ ಕುಟುಂಬದ ಆಸ್ತಿ’ಯಾದ್ದರಿಂದ ಪಾಳುಬಿದ್ದಿವೆ ಎಂದು ಈ ಮನೆಗಳ ಕುರಿತ ಲೇಖನದಲ್ಲಿ ಲೇಖಕರು ಆಡಿರುವ ಮಾತನ್ನು ಒಪ್ಪಲಾಗದು. ಮುಸ್ಲಿಂ ಉತ್ತರಾಧಿಕಾರದಲ್ಲಿ ಆ ಕಲ್ಪನೆಯೇ ಇಲ್ಲ. ಯಜಮಾನ ಕಣ್ಮುಚ್ಚಿದ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರರ ಪಾಲು ನಿಗದಿಯಾಗಿಬಿಡುತ್ತದೆ. ನಮ್ಮ ಅಜ್ಜ ತೀರಿಕೊಂಡಾಗ ಅಜ್ಜಿಗೆ ಎಂಟರಲ್ಲಿ 1 ಪಾಲು, ಇಬ್ಬರು ಗಂಡುಮಕ್ಕಳಿಗೆ ತಲಾ 2, ಮೂವರು ಹೆಣ್ಣುಮಕ್ಕಳಿಗೆ ತಲಾ 1 ಎಂಬ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿದಿತ್ತು. ಮುಗಿಯದೆ ಉಳಿದದ್ದು ನೆಲದ ಮೇಲಿನ ಗಡಿ: ಒಂದು ಬಾವಿ, ಒಂದು ಜಗಲಿ, ಹದಿನೆಂಟು ತೆಂಗಿನಮರಗಳನ್ನು ಎಂಟಾಗಿ ಒಡೆಯುವುದಾದರೂ ಹೇಗೆ? ಮಾರೋಣವೆಂದರೆ ಎಲ್ಲರ ಸಹಿ ಬೇಕು. ದುಬೈಯಲ್ಲಿರುವ ಚಿಕ್ಕಪ್ಪ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರವನ್ನು ದೃಢೀಕರಿಸಿ ಕಳುಹಿಸಬೇಕು, ಇಲ್ಲವೇ ತಾವೇ ಬರಬೇಕು, ಬಂದರೆ ಮೋಜಣಿಯ (ಜಮೀನು ಅಳತೆಯ) ದಿನಕ್ಕೆ ಮೊದಲೇ ಅವರ ರಜೆ ತೀರಿರುತ್ತದೆ. (ಸೋದರತ್ತೆಯರು ತಡೆದರೆಂದು ಊರವರು ಆಡಿಕೊಂಡರು; ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಅವರೇ.) ಊರಿಗೆ ಬಂದುಹೋಗುವ ಪ್ರಯಾಣದ ಕಷ್ಟದ ಬಗ್ಗೆ ಲೇಖಕರು ಬರೆದದ್ದು ಮಾತ್ರ ಸರಿಯಾಗಿದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಮುಂಬೈ ನಮಗೆ ಹತ್ತಿರವಾಯಿತು, ಆದರೆ ವಿಮಾನ ಹತ್ತಲು ಇಂದಿಗೂ ಮಂಗಳೂರಿಗೋ ಗೋವಾಕ್ಕೋ ಹೋಗಬೇಕು. ಹತ್ತು ದಿನಗಳ ರಜೆಯಲ್ಲಿ ಬಂದವರಿಗೆ ಅದರಲ್ಲೇ ಎರಡು ದಿನ ಕಳೆದುಹೋಗುತ್ತದೆ.