ಪಾಯಿಂಟ್ ಜೊತೆ ನಿಮಿಷವನ್ನೂ ನೋಡಿ
ಎರಡನೇ ಸೀಸನ್‌ನಲ್ಲಿ ಪಾಯಿಂಟ್ ಜಾಸ್ತಿಯಾದರೆ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಆಟಗಾರ ಸುಧಾರಿಸಿದ ಹಾಗೆ ಅಂತ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸಾರ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಜ್ಯಾಕ್ ಈಡಿಯನ್ನೇ ನೋಡಿ, 7 ಅಡಿ 4 ಇಂಚಿನ ಹುಡುಗ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 8.7 ಪಾಯಿಂಟ್, ಎರಡನೇ ವರ್ಷ, ಅಂದರೆ 2021-22ರಲ್ಲಿ, 14.4. ಆದರೆ ಆಡಿದ ಸಮಯವೂ ಸುಮಾರು 15 ನಿಮಿಷದಿಂದ 19ಕ್ಕೆ ಏರಿತ್ತಲ್ವಾ? ನಿಮಿಷಕ್ಕೆ ಭಾಗಿಸಿ ನೋಡಿದರೂ ಸುಧಾರಣೆ ನಿಜ, ಬಿಡಿ. ಫ್ರೀ ಥ್ರೋ ಯಶಸ್ಸು ಮಾತ್ರ ಶೇ. 71ರಿಂದ 65ಕ್ಕೆ ಇಳಿಯಿತು! ಎದುರಿಗೆ ಯಾರೂ ಅಡ್ಡ ನಿಲ್ಲದ ಎಸೆತ ಅದು.

ಇನ್ನು ಜಯಾನ್ ವಿಲಿಯಮ್ಸನ್ ಥರದವರು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿ 2019ರಲ್ಲಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೊರಟೇಬಿಟ್ಟರು. ಅವರ ಎರಡನೇ ವರ್ಷದ ಲೆಕ್ಕ ಎಲ್ಲಿಂದ ತರ್ತೀರಿ?