ಮಂಗಳವಾರದವರೆಗೆ ಕಾಯಬೇಕಿತ್ತಾ?

ಮೊನ್ನೆ ಊರಿನ ದೇವಸ್ಥಾನದ ಬ್ರಹ್ಮಕಲಶದ ಸಭೆಯಲ್ಲಿ ಒಬ್ಬರು ಭಾಷಣ ಮಾಡಿದರು. "ದೇವರು ಮೆಚ್ಚಿದ್ದು ಧರ್ಮ, ಮೆಚ್ಚದ್ದು ಅಧರ್ಮ. ಅಷ್ಟೇ." ಜನ ಚಪ್ಪಾಳೆ ತಟ್ಟಿದರು. ನನಗೆ ಕೈ ಬರಲಿಲ್ಲ. ಮನೆಗೆ ಬಂದ ಮೇಲೂ ಆ "ಅಷ್ಟೇ" ಕಿವಿಯಲ್ಲೇ ಇತ್ತು.

ನೆನಪಾದದ್ದು ಅಜ್ಜಿ. ನಾನಾಗ ಏಳನೇ ಕ್ಲಾಸು. ನಮ್ಮದು ಕಾಸರಗೋಡಿನ ಎಣ್ಮಕಜೆ ಕಡೆಯ ಗುಡ್ಡದ ಮನೆ. ಈ ಕಡೆಯವರಿಗೆ ಗೊತ್ತು, ಇಲ್ಲಿ ನೀರು ಅಂದರೆ ಸುರಂಗ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ದಾರಿ, ಒಬ್ಬರು ಒಳಗೆ ಹೋಗುವಷ್ಟು ಅಗಲ. ಒರತೆಯ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ನಮ್ಮ ಸುರಂಗದ ಬಾಯಿ ನಾಗಬನದ ಪಕ್ಕದಲ್ಲೇ ಇತ್ತು.

ಮಳೆಗಾಲದ ಮುಂಚಿನ ಪತ್ತನಾಜೆಗೆ ಇನ್ನೂ ಒಂದು ತಿಂಗಳಿತ್ತು. ಕೆಳಗಿನ ಮನೆಯ ಬಾವಿ ಬತ್ತಿತು. ಆ ಮನೆಗೆ ಮಗಳು ಹೆರಿಗೆಗೆ ಬಂದಿದ್ದಳು, ಹದಿನೈದು ದಿನದ ಕೂಸು. ಅವರು ಬಂದು ನೀರು ಕೇಳಿದರು. ನಮ್ಮ ಜಾತಿಯವರಲ್ಲ. ಬನದ ಹತ್ತಿರದ ನೀರು, ಬಾಣಂತಿ ಮನೆಗೆ ಬಿಟ್ಟು ನಾಗದೋಷ ಬಂದರೆ ಅಂತ ನಮ್ಮ ಹಿರಿಯರೊಬ್ಬರು ತಕರಾರು ತೆಗೆದರು. ಜೋಯಿಸರಲ್ಲಿ ಕವಡೆ ಪ್ರಶ್ನೆ ಇಟ್ಟು ನೋಡುವಾ ಅಂದರು ಅಪ್ಪ. ಅಪ್ಪ ಕೆಟ್ಟವರಲ್ಲ, ಹೆದರಿದ್ದರು. ಹೋದರೆ ಜೋಯಿಸರು ಊರಲ್ಲಿಲ್ಲ. ಮಂಗಳವಾರ ಸಿಗುತ್ತಾರಂತೆ. ಅಂದು ಗುರುವಾರ.

ಅಜ್ಜಿ ಕೇಳಿದರು: "ಮಗಾ, ಕವಡೆಯಲ್ಲಿ ಬೇಡಾಂತ ಬಂದರೆ ಆ ಕೂಸಿಗೆ ಎಂತ ಮಾಡುವುದು? ಕೊಡಿ ಅಂತ ಬಂದರೆ, ಇಷ್ಟು ದಿನ ಕೊಡದ್ದಕ್ಕೆ ಎಂತ ಹೇಳುವುದು?"

ಅಪ್ಪನ ಹತ್ತಿರ ಉತ್ತರ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ ಪ್ಲೇಟೋ ಬರೆದ ಯೂಥಿಫ್ರೊ ಸಂಭಾಷಣೆ ಓದಿದೆ. ಕ್ರಿ.ಪೂ. 399ರ ಅಥೆನ್ಸ್. ದೇವರ ವಿಷಯದಲ್ಲಿ ತಪ್ಪು ಮಾಡಿದ ಆರೋಪ ಹೊತ್ತ ಸಾಕ್ರೆಟಿಸ್‌ಗೆ ಕೋರ್ಟಿನ ಹತ್ತಿರ ಯೂಥಿಫ್ರೊ ಸಿಗುತ್ತಾನೆ. ದೇವರ ವಿಷಯ ತನಗೆ ಚೆನ್ನಾಗಿ ಗೊತ್ತು ಅನ್ನುವವನು. ಸಾಕ್ರೆಟಿಸ್ ಕೇಳುತ್ತಾನೆ: ಪವಿತ್ರವಾದದ್ದು ಅಂತ ದೇವರು ಅದನ್ನು ಮೆಚ್ಚುತ್ತಾರೋ, ದೇವರು ಮೆಚ್ಚಿದರು ಅಂತ ಅದು ಪವಿತ್ರ ಆಗುತ್ತದೋ?

ಈ ಪ್ರಶ್ನೆ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಯೂಥಿಫ್ರೊ ಅಲ್ಲಿಗೆ ಬಂದ ಕಾರಣ. ಸ್ವಂತ ಅಪ್ಪನ ಮೇಲೆ ಕೊಲೆಯ ದೂರು ಹಾಕಲು ಬಂದಿದ್ದ. ನಾಕ್ಸೋಸ್ ದ್ವೀಪದ ಅವರ ಜಮೀನಿನಲ್ಲಿ ಒಬ್ಬ ಕೂಲಿಯವನು ಕುಡಿದ ಮತ್ತಿನಲ್ಲಿ ಮನೆಯ ಗುಲಾಮನನ್ನು ಕೊಂದ. ಯೂಥಿಫ್ರೊನ ಅಪ್ಪ ಅವನ ಕೈಕಾಲು ಕಟ್ಟಿ ಹೊಂಡಕ್ಕೆ ಹಾಕಿಸಿದ. ಮುಂದೇನು ಮಾಡಬೇಕು ಅಂತ ಧರ್ಮ ತಿಳಿದವರನ್ನು ಕೇಳಲು ಅಥೆನ್ಸಿಗೆ ಆಳು ಕಳಿಸಿದ. ಆಳು ತಿರುಗಿ ಬರುವ ಮೊದಲೇ ಹೊಂಡದಲ್ಲಿದ್ದವನು ಹಸಿವು, ಚಳಿಯಲ್ಲಿ ಸತ್ತ. ಓದುವಾಗ ಎದೆ ಝಲ್ ಅಂತು. ಕೇಳಿ ಬರಲು ಹೋಗಿದ್ದಾರೆ, ಇಲ್ಲಿ ಜೀವ ಹೋಗುತ್ತಿದೆ.

ನನಗೆ ದೇವರಲ್ಲಿ ನಂಬಿಕೆ ಇದೆ. ಆದರೂ ಒಳ್ಳೆಯದು ಒಳ್ಳೆಯದಾಗಲು ಒಪ್ಪಿಗೆಯ ಮುದ್ರೆ ಬೇಕು ಅನ್ನುವುದನ್ನು ನನ್ನಿಂದ ಒಪ್ಪಲಿಕ್ಕೆ ಆಗುವುದಿಲ್ಲ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1947ರಲ್ಲಿ ಮದ್ರಾಸ್ ಸರ್ಕಾರ ದೇವಸ್ಥಾನ ಪ್ರವೇಶದ ಕಾನೂನು ತಂದಿತು. ಅದಕ್ಕೆ ಮೊದಲು ದಲಿತರನ್ನು ಗೋಪುರದ ಹೊರಗೆ ನಿಲ್ಲಿಸಿದವರೂ ದೇವರ ಹೆಸರನ್ನೇ ಹೇಳಿದ್ದು. ಹಾಗಾದರೆ ದೇವರು ಆ ವರ್ಷ ಮನಸ್ಸು ಬದಲಿಸಿದರಾ? 1946ರಲ್ಲೂ ಅದು ಅನ್ಯಾಯವೇ ಆಗಿತ್ತು.

ಇದನ್ನು ನಾನು ಗ್ರೀಕರಿಂದ ಕಲಿಯಬೇಕಾಗಿರಲಿಲ್ಲ. ತುಳುವಿನಲ್ಲಿ ನಾವು ದೈವಗಳನ್ನು ಏನೆಂದು ಕರೆಯುತ್ತೇವೆ? ಸತ್ಯೊಲು. ಸತ್ಯದ ಹೆಸರನ್ನೇ ದೈವಕ್ಕೆ ಇಟ್ಟಿದ್ದೇವೆ. ನಮ್ಮ ಜಿಲ್ಲೆಯ ತೆಂಕು ಕಡೆ ಪೊಟ್ಟನ್ ತೆಯ್ಯಂ ಇದೆ, ಕೆಂಡದ ಮೇಲೆ ಒರಗುವ ತೆಯ್ಯಂ. ಶಂಕರಾಚಾರ್ಯರಿಗೆ ದಾರಿ ಬಿಡದೆ ನಿಂತ ಪುಲಯನ, ಅಂದರೆ ದಲಿತನೊಬ್ಬನ ಕಥೆ. ನಿಮ್ಮ ಮೈ ಕೊಯ್ದರೂ ನಮ್ಮ ಮೈ ಕೊಯ್ದರೂ ಬರುವುದು ರಕ್ತವೇ ಅಲ್ವಾ ಅಂತ ಅವನು ಕೇಳುತ್ತಾನೆ. ನಾನು ಶಿವ, ಅದಕ್ಕೇ ನನ್ನ ಮಾತು ಕೇಳಿ ಅನ್ನುವುದಿಲ್ಲ. ಮಾತು ಮೊದಲು ಎದೆಗೆ ತಾಗುತ್ತದೆ, ಆಡಿದವನು ಶಿವ ಅಂತ ಆಮೇಲೆ ತಿಳಿಯುತ್ತದೆ. ಚಿಕ್ಕಂದಿನಿಂದ ಕೇಳಿದ ಕಥೆ. ಈ ಕ್ರಮವನ್ನು ಗಮನಿಸಿದ್ದು ಮಾತ್ರ ಈಚೆಗೆ.

ಸೋದರಮಾವನ ಹತ್ತಿರ ಹೇಳಿದರೆ, "ದೇವರ ಸ್ವಭಾವವೇ ಒಳ್ಳೆಯದು ಮಾರಾಯ, ಅವನು ಕೆಟ್ಟದ್ದನ್ನು ಮೆಚ್ಚುವುದೇ ಇಲ್ಲ" ಅಂದರು. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಆದರೆ ಆ ಸ್ವಭಾವವನ್ನು ಒಳ್ಳೆಯದು ಅಂತ ಗುರುತಿಸಿದ್ದು ಯಾವುದರಿಂದ? ಒಳ್ಳೆಯದು ಏನೆಂದು ಸ್ವಲ್ಪವಾದರೂ ನಮಗೆ ಮೊದಲೇ ಗೊತ್ತಿರಬೇಕಲ್ವಾ? ಇಲ್ಲದಿದ್ದರೆ ದೇವರ ಹೆಸರಲ್ಲಿ ಯಾರು ಎಂತ ಹೇಳಿದರೂ ತಲೆಯಾಡಿಸಬೇಕಾಗುತ್ತದೆ. ನನಗೆ ಜಾಸ್ತಿ ಹೆದರಿಕೆ ಇರುವುದು ಅಲ್ಲೇ.

ಆ ಶುಕ್ರವಾರ ಬೆಳಗ್ಗೆ ಅಜ್ಜಿ ಸೀರೆ ಎತ್ತಿಕಟ್ಟಿ ತೋಟಕ್ಕೆ ಇಳಿದರು. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಗಳನ್ನು ಸುರಂಗದ ಬಾಯಿಯಿಂದ ತುದಿಗೆ ತುದಿ ಜೋಡಿಸಿದರು. ಸೋರುವ ಕಡೆ ಹಸಿ ಮಣ್ಣು ಮೆತ್ತಿದರು, ನಾನು ದಂಬೆ ಹಿಡಿದುಕೊಂಡೆ. ಮೊದಲು ಕೆಂಪು ನೀರು ಬಂತು, ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಕೆಳಗಿನ ಅಂಗಳದಲ್ಲಿ ಕೊಡಪಾನ ಇಟ್ಟ ಸದ್ದು ಕೇಳಿತು. ಸಂಜೆ ಅಜ್ಜಿ ಸ್ನಾನ ಮಾಡಿ ಬನದ ಎದುರು ದೀಪ ಇಟ್ಟು ತುಂಬಾ ಹೊತ್ತು ಕೈಮುಗಿದು ನಿಂತಿದ್ದರು.

ಮಂಗಳವಾರ ಅಪ್ಪ ಜೋಯಿಸರಲ್ಲಿಗೆ ಹೋಗಲಿಲ್ಲ.